ಗುಂಡನ ಕೊರಳು, ಅಮ್ಮನ ಮಣಿಕಟ್ಟು

ಹೋದ ಸಲ ಈ ಅಂಕಣದಲ್ಲಿ ಟೆರೇಸಿನ ಮೆಂತ್ಯ ಸೊಪ್ಪಿನ ಬಗ್ಗೆ ಬರೆದಿದ್ದೆ. ಕೊನೆಯಲ್ಲಿ, ಅರ್ಧ ಕುಂಡಗಳನ್ನು ಉರುಳಿಸಿದ್ದು ನಮ್ಮ ಗುಂಡ ಅಂತ ಒಂದೇ ಒಂದು ಸಾಲು ಸೇರಿಸಿದ್ದೆ. ಮೆಂತ್ಯದ ಬಗ್ಗೆ ಯಾರೂ ಏನೂ ಕೇಳಲಿಲ್ಲ ನೋಡಿ! ಬಂದ ಪ್ರಶ್ನೆಗಳೆಲ್ಲ ಗುಂಡನ ಕಡೆಯವೇ. ಅದರಲ್ಲೂ ಮೂವರು ಕೇಳಿದ್ದು ಒಂದೇ: ‘ನಮ್ಮನೇಲೂ ದೊಡ್ಡ ನಾಯಿ ಇದೆ, ವಾಕಿಂಗ್ ಹೋದ್ರೆ ನಾವು ಅದನ್ನ ಕರ್ಕೊಂಡು ಹೋಗೋದಲ್ಲ, ಅದೇ ನಮ್ಮನ್ನ ಎಳ್ಕೊಂಡು ಹೋಗತ್ತೆ. ಯಾವ ಬೆಲ್ಟ್ ಹಾಕಿದ್ರೆ ಸರಿ ಹೋಗತ್ತೆ?’

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ನಮ್ಮ ಮನೆಯಲ್ಲಿ ಒಂದು ಕೈ ಮುರಿಯಬೇಕಾಯಿತು. ಅದನ್ನೇ ಹೇಳ್ತೀನಿ.

ಗುಂಡ ಲ್ಯಾಬ್ರಡಾರ್. 36 ಕೆಜಿ. 2020ರಲ್ಲಿ ಎಲ್ಲರೂ ಮನೆಯಲ್ಲೇ ಕೂತಿದ್ದಾಗ ಬಂದವನು. ಆಗ ಎರಡು ತಿಂಗಳ ಮರಿ, ಅಮ್ಮನ ತರಕಾರಿ ಬುಟ್ಟಿಯಲ್ಲಿ ಹಿಡಿಸುತ್ತಿದ್ದ. ನನಗೂ ವರ್ಕ್ ಫ್ರಂ ಹೋಮ್, ಅಪ್ಪ ಆಗಷ್ಟೇ ರಿಟೈರ್ ಆಗಿದ್ದರು. ಸಂಜೆ ಅವನಿಗೆ ಒಂದು ತೆಳ್ಳಗಿನ ಕೆಂಪು ಬೆಲ್ಟ್ ಹಾಕಿ ರಸ್ತೆಗೆ ಬಿಟ್ಟರೆ ಮುಂದೆ ಮುಂದೆ ಎಳೆದುಕೊಂಡು ಓಡೋನು, ನಾವು ಹಿಂದೆ ನಗುತ್ತಾ ಹೋಗೋದು. ಎಳೆದರೆ ಮುಂದೆ ಹೋಗಬಹುದು ಅನ್ನೋ ಪಾಠವನ್ನು ನಾವೇ ದಿನಾ ಎರಡು ಹೊತ್ತು ಕಲಿಸಿಕೊಟ್ಟೆವು. ನಾಯಿ ಚೆನ್ನಾಗಿ ಕಲಿಯಿತು. ಆಮೇಲೆ ನನಗೆ ವಾರಕ್ಕೆ ಮೂರು ದಿನ ಆಫೀಸ್ ಶುರುವಾಯಿತು. ಅಪ್ಪನಿಗೆ ಮಂಡಿನೋವು. ಬೆಳಗಿನ ವಾಕಿಂಗ್ ಅಮ್ಮನ ಪಾಲಿಗೆ ಬಂತು. ಅಮ್ಮನಿಗೂ ಅದು ಬೇಕಿತ್ತು, ಅವಳಿಗೆ ಶುಗರ್ ಇದೆ. ಡಾಕ್ಟರು ಎಷ್ಟು ವರ್ಷ ಹೇಳಿದರೂ ನಡೆಯದವಳು ಗುಂಡ ಬಂದಮೇಲೆ ದಿನಾ ಮುಕ್ಕಾಲು ಗಂಟೆ ನಡೆಯುತ್ತಿದ್ದಳು.

ಬಿದ್ದಿದ್ದು ಒಂದು ಬುಧವಾರ. ನಾನು ಸಿಲ್ಕ್ ಬೋರ್ಡ್ ಹತ್ತಿರ ಕ್ಯಾಬಿನಲ್ಲಿ ಕೂತು ಬೆಳಗಿನ ಮೀಟಿಂಗಿಗೆ ಕಿವಿ ಕೊಟ್ಟಿದ್ದೆ. ಅಪ್ಪ ಫೋನ್ ಮಾಡಿ ‘ಗಾಬರಿ ಆಗಬೇಡ’ ಅಂದರು. ಈ ಮಾತು ಕೇಳಿ ಗಾಬರಿ ಆಗದವರು ಯಾರಿದಾರೆ ಹೇಳಿ. ಗಿರಿನಗರದ ನಮ್ಮ ರಸ್ತೆಯ ಮೂಲೆಯಲ್ಲಿ ನಿಂತಿದ್ದ ಆಟೋ ಕೆಳಗಿಂದ ಒಂದು ಬೆಕ್ಕು ಓಡಿದೆ, ಗುಂಡ ಹಾರಿದಾನೆ. ಅಮ್ಮ ಹಗ್ಗ ಜಾರಬಾರದು ಅಂತ ಅದನ್ನು ಬಲಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಬಿಡೋಣ ಅಂದರೂ ಬಿಡೋಕೆ ಆಗಲಿಲ್ಲ. ಮಣಿಕಟ್ಟಿನ ಮೂಳೆ ಮುರಿದಿತ್ತು. ಎಕ್ಸ್-ರೇ ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ‘ನಾಯಿನಾ, ಸ್ಕೂಟರಾ?’

ಆರು ವಾರ ಪ್ಲಾಸ್ಟರ್. ಅಪ್ಪ ಆ ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ತೆಗೆದರು. ಕನಕಪುರ ರಸ್ತೆಯಲ್ಲಿ ಅವರ ಸ್ನೇಹಿತರ ತೋಟ ಇದೆ. ‘ಅಲ್ಲಿ ಜಾಗ ಇದೆ, ಓಡಾಡಿಕೊಂಡಿರತ್ತೆ. ಪ್ಲಾಸ್ಟರ್ ಬಿಚ್ಚೋ ಹೊತ್ತಿಗೆ ಒಂದು ನಿರ್ಧಾರ ಮಾಡೋಣ.’ ಮನೆಯಲ್ಲಿ ಗುಂಡನನ್ನು ‘ಅದು’ ಅನ್ನುವವರು ಅಪ್ಪ ಒಬ್ಬರೇ. ಅಮ್ಮ ಏನೂ ಅನ್ನಲಿಲ್ಲ. ಎಡಗೈಯಲ್ಲಿ ಮೊಸರನ್ನ ಕಲಸುತ್ತಾ ಕೂತಿದ್ದಳು. ಅವಳ ಕಾಲ ಮೇಲೆ ತಲೆಯಿಟ್ಟು ಮಲಗಿದ್ದವನಿಗೆ ಇದ್ಯಾವುದೂ ಗೊತ್ತಿಲ್ಲ.

ನಾನು ಸಾಫ್ಟ್‌ವೇರ್‌ನವಳು. ಸಮಸ್ಯೆ ಬಂದರೆ ಮೊದಲು ಒಂದು ಎಕ್ಸೆಲ್ ಶೀಟ್ ತೆಗೆಯೋದು ನಮ್ಮ ಜಾತಿಯ ರೋಗ. ಬೆಲ್ಟ್‌ಗಳ ಹೆಸರು, ಬೆಲೆ, ಅಗಲ, ರೇಟಿಂಗ್ ಎಲ್ಲ ಸಾಲಾಗಿ ಬರೆದೆ. ಹದಿನಾಲ್ಕು ಸಾಲು. ಎರಡು ವಾರ ಆದಮೇಲೆ ಗೊತ್ತಾಗಿದ್ದೇನಂದ್ರೆ, ಆ ಶೀಟಿನಲ್ಲಿ ಮುಖ್ಯವಾದ ಕಾಲಂ ಒಂದನ್ನೇ ನಾನು ಹಾಕಿರಲಿಲ್ಲ: ಹಗ್ಗ ಬಿಗಿಯಾದಾಗ ನಾಯಿಯ ಮೈಮೇಲೆ ಆ ಬಲ ಎಲ್ಲಿ ಬೀಳುತ್ತೆ?

ಮೊದಲು ತಂದಿದ್ದು ಚೋಕ್ ಚೈನ್. ಪೆಟ್ ಶಾಪ್‌ನವನು ‘ಲ್ಯಾಬ್‌ಗೆ ಇದೇ ಮೇಡಂ. ಎಳೆದಾಗ ಒಂದು ಝಟ್ ಅಂತ ಜಗ್ಗಿ, ಒಂದು ವಾರದಲ್ಲಿ ಲೈನಿಗೆ ಬರತ್ತೆ’ ಅಂದ. ಕೊಟ್ಟಿದ್ದು ಇನ್ನೂರೈವತ್ತು ರೂಪಾಯಿ. ಚೋಕ್ ಚೈನ್ ಅಂದ್ರೆ ಎರಡು ತುದಿಗೂ ಬಳೆಯಿರುವ ಸರಪಳಿ. ಒಂದು ಬಳೆಯೊಳಗೆ ಸರಪಳಿಯನ್ನು ತೂರಿಸಿದರೆ ಕುಣಿಕೆ ಆಗುತ್ತೆ. ಜಗ್ಗಿದರೆ ಬಿಗಿಯುತ್ತೆ, ಬಿಟ್ಟರೆ ಸಡಿಲ ಆಗಬೇಕು. ‘ಆಗಬೇಕು’ ಅಂತ ಯಾಕೆ ಹೇಳ್ತಿದೀನಂದ್ರೆ, ಅದನ್ನು ಹಾಕೋಕೆ ಒಂದು ದಿಕ್ಕಿದೆ. ನಾಯಿ ನಮ್ಮ ಎಡಕ್ಕೆ ನಡೆಯೋದಾದರೆ, ಅದರ ಮುಖ ನೋಡುತ್ತಾ ನಿಂತು ಹಾಕುವಾಗ ಸರಪಳಿ ಇಂಗ್ಲಿಷಿನ ‘ಪಿ’ ಅಕ್ಷರದ ಹಾಗೆ ಕಾಣಬೇಕು. ತಿರುಗಿಸಿ ಹಾಕಿದರೆ ಒಮ್ಮೆ ಬಿಗಿದದ್ದು ಬಿಗಿದ ಹಾಗೇ ಕೂರುತ್ತೆ. ನಾನು ನಾಲ್ಕು ದಿನ ತಿರುಗಿಸಿಯೇ ಹಾಕಿದ್ದೆ. ಅಂಗಡಿಯವನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸರಿಯಾಗಿ ಹಾಕಿದಮೇಲೂ ಗುಂಡ ಎಳೆಯೋದು ನಿಲ್ಲಿಸಲಿಲ್ಲ. ಎಳೆಯುತ್ತಾ ಕೆಮ್ಮೋಕೆ ಶುರು ಮಾಡಿದ, ಅಷ್ಟೇ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಖರ್ ಖರ್ ಅಂತ. ಮನೆಗೆ ಬಂದು ನೋಡಿದರೆ ಕಣ್ಣು ಕೆಂಪು. ಅದಕ್ಕಿಂತ ನನಗೆ ಹೆದರಿಕೆಯಾಗಿದ್ದು ಇನ್ನೊಂದು. ನಮ್ಮ ರಸ್ತೆಯಲ್ಲಿ ಮೂರು ಬೀದಿನಾಯಿಗಳಿವೆ, ಮರಿ ಇದ್ದಾಗಿಂದ ಗುಂಡನಿಗೆ ಪರಿಚಯ. ಅವುಗಳನ್ನು ಕಂಡು ಅವನು ಖುಷಿಯಿಂದ ಎಳೆದಾಗಲೆಲ್ಲ ನಾನು ಅಂಗಡಿಯವನು ಹೇಳಿದ ಹಾಗೆ ಝಟ್ ಅಂತ ಜಗ್ಗಿದೆ. ಎರಡನೇ ವಾರದಲ್ಲಿ ಅವುಗಳನ್ನು ದೂರದಿಂದ ಕಂಡರೇ ಗುರ್ ಅನ್ನೋಕೆ ಶುರು ಮಾಡಿದ. ಮೂರು ವರ್ಷದಲ್ಲಿ ಯಾರಿಗೂ ಗುರ್ ಅನ್ನದ ನಾಯಿ! ಯೋಚಿಸಿದರೆ ಅವನ ಲೆಕ್ಕ ಸರಿಯಾಗೇ ಇದೆ. ಆ ನಾಯಿಗಳನ್ನ ನೋಡಿದಾಗಲೆಲ್ಲ ಕತ್ತು ನೋಯುತ್ತೆ, ಅಂದಮೇಲೆ ಅವು ಒಳ್ಳೆಯವಲ್ಲ. ನೋವು ಕೊಡುತ್ತಿರೋದು ಹಿಂದೆ ನಿಂತ ನಾನು ಅಂತ ಅವನಿಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಇನ್ನೂ ಕಷ್ಟ ಇತ್ತು.

ಆಮೇಲೆ ಒಬ್ಬ ಟ್ರೈನರ್ ಬಂದರು. ಗಟ್ಟಿ ದನಿ, ಗಟ್ಟಿ ಬೂಟು. ‘ಇವನು ನಿಮ್ಮನ್ನ ಲೀಡರ್ ಅಂತ ಒಪ್ಪಿಲ್ಲ, ನೀವು ಆಲ್ಫಾ ಆಗಬೇಕು’ ಅಂದರು. ಚೀಲದಿಂದ ಎರಡು ವಸ್ತು ತೆಗೆದಿಟ್ಟರು. ಒಂದು ಮುಳ್ಳು ಬೆಲ್ಟ್, ಅಂದರೆ ಪ್ರಾಂಗ್ ಕಾಲರ್. ಕೊಂಡಿ ಕೊಂಡಿಯಾಗಿ ಜೋಡಿಸಿದ ಸ್ಟೀಲ್ ತಂತಿ, ಪ್ರತಿ ಕೊಂಡಿಯ ಮೊಂಡು ತುದಿಗಳು ಚರ್ಮದ ಕಡೆಗೆ. ಇನ್ನೊಂದು ರಿಮೋಟ್ ಒತ್ತಿದರೆ ಕರೆಂಟ್ ಹೊಡೆಯುವ ಬೆಲ್ಟ್. ಹಿಮಾಲಯದ ಕುರಿಗಾಹಿಗಳೂ ತಮ್ಮ ನಾಯಿಗಳಿಗೆ ಮುಳ್ಳಿನ ಪಟ್ಟಿ ಕಟ್ಟುತ್ತಾರೆ. ಆದರೆ ಅಲ್ಲಿ ಮುಳ್ಳು ಹೊರಗಡೆಗೆ, ಚಿರತೆ ಕತ್ತಿಗೆ ಬಾಯಿ ಹಾಕದಿರಲಿ ಅಂತ. ಇದರಲ್ಲಿ ಮುಳ್ಳು ಒಳಗಡೆಗಿತ್ತು.

ಆಲ್ಫಾ ಮಾತಿನ ಬಗ್ಗೆ ಒಂದು ವಿಷಯ ಹೇಳಲೇಬೇಕು. ತೋಳಗಳ ಗುಂಪಿನಲ್ಲಿ ಹೊಡೆದಾಡಿ ಗೆದ್ದದ್ದು ನಾಯಕ ಆಗುತ್ತೆ ಅನ್ನೋ ಕಲ್ಪನೆಯನ್ನು ಜನಪ್ರಿಯ ಮಾಡಿದವರಲ್ಲಿ ಅಮೆರಿಕದ ಜೀವಶಾಸ್ತ್ರಜ್ಞ ಡೇವಿಡ್ ಮೆಕ್ ಒಬ್ಬರು, 1970ರ ತಮ್ಮ ಪುಸ್ತಕದಲ್ಲಿ. ಆಮೇಲೆ ಕಾಡಿನಲ್ಲಿ ತೋಳಗಳನ್ನು ವರ್ಷಗಟ್ಟಲೆ ನೋಡಿದ ಅದೇ ಮೆಕ್ 1999ರಲ್ಲಿ ಬರೆದರು, ಕಾಡಿನ ತೋಳದ ಗುಂಪು ಅಂದ್ರೆ ಬಹುತೇಕ ಅಪ್ಪ, ಅಮ್ಮ, ಮಕ್ಕಳು, ಅಲ್ಲಿ ಆಲ್ಫಾ ಅನ್ನೋ ಪದಕ್ಕೆ ಅರ್ಥ ಇಲ್ಲ ಅಂತ. ಪದವನ್ನು ಜನಪ್ರಿಯ ಮಾಡಿದವರೇ ಬಿಟ್ಟರೂ ನಮ್ಮ ಟ್ರೈನರುಗಳು ಬಿಟ್ಟಿಲ್ಲ. ಗುಂಡ ಎಳೆಯೋದು ನನ್ನ ಮೇಲೆ ಅಧಿಕಾರ ನಡೆಸೋಕಲ್ಲ. ಅವನ ಸಹಜ ನಡಿಗೆ ನಮ್ಮದಕ್ಕಿಂತ ಜೋರು, ಮುಂದೆ ಒಳ್ಳೆ ವಾಸನೆ ಇದೆ, ಮೂಲೆಯಲ್ಲಿ ಇಡ್ಲಿ ಗಾಡಿ ಇದೆ. ಅಷ್ಟೇ ವಿಷಯ.

ನನ್ನ ಟೀಮಿನಲ್ಲಿ ಮ್ಯೂನಿಕ್‌ನಲ್ಲಿರುವ ದಾವಣಗೆರೆಯ ಹುಡುಗಿ ಒಬ್ಬಳಿದ್ದಾಳೆ, ಅವಳ ಮನೆಯಲ್ಲೂ ಜರ್ಮನ್ ಶೆಫರ್ಡ್. ಮುಳ್ಳು ಬೆಲ್ಟಿನ ಫೋಟೋ ಕಳಿಸಿದೆ. ‘ಇಲ್ಲಿ ಇದನ್ನ ಹಾಕಿ ಟ್ರೈನ್ ಮಾಡೋ ಹಾಗೇ ಇಲ್ಲ ಕಣೆ, 2022ರಿಂದ ಕಾನೂನು’ ಅಂದಳು. ಹೌದು, ಜರ್ಮನಿಯಲ್ಲಿ ಆ ವರ್ಷದ ಜನವರಿಯಿಂದ ತರಬೇತಿಗೆ ಮುಳ್ಳು ಬೆಲ್ಟ್ ನಿಷೇಧ. ಕರೆಂಟ್ ಬೆಲ್ಟನ್ನು ವೇಲ್ಸ್ 2010ರಲ್ಲೇ ನಿಷೇಧಿಸಿದೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಬಹಳ ಹೊತ್ತು ಕಟ್ಟಿಹಾಕೋದು ಅಪರಾಧ ಅಂತ ಇದೆ. ಅದರಲ್ಲಿ ಬರೆದಿರುವ ದಂಡ, ಮೊದಲ ಸಲಕ್ಕೆ ಹತ್ತರಿಂದ ಐವತ್ತು ರೂಪಾಯಿ. ಸರಪಳಿಗೇ ಅದಕ್ಕಿಂತ ಜಾಸ್ತಿ ಕೊಟ್ಟಿರ್ತಾರೆ.

ಟ್ರೈನರ್‌ಗೆ ಕಾಫಿ ಕೊಟ್ಟು ಕಳಿಸಿದೆವು. ನ್ಯಾಯವಾಗಿ ಹೇಳಬೇಕಂದ್ರೆ, ಅವರ ಬೆಲ್ಟ್ ಹಾಕಿದ್ದರೆ ಗುಂಡ ಎಳೆಯೋದು ಬೇಗ ನಿಲ್ಲಿಸುತ್ತಿದ್ದ ಅಂತಲೇ ನನಗನಿಸುತ್ತೆ. ನೋವು ಕೆಲಸ ಮಾಡಲ್ಲ ಅಂತ ನಾನು ಹೇಳಲ್ಲ. ಬೀದಿನಾಯಿಗಳ ವಿಷಯದಲ್ಲಿ ಅದು ಏನು ಕೆಲಸ ಮಾಡಿತು ಅಂತ ಎರಡೇ ವಾರದಲ್ಲಿ ನೋಡಿದ್ದೆ, ಅದಕ್ಕೇ ಬೇಡ ಅಂದಿದ್ದು.

ಮಾರನೆಯ ದಿನ ವೆಟ್ ಹತ್ತಿರ ಹೋದೆ. ಅವರು ಗುಂಡನ ಕತ್ತಿನ ಮೇಲೆ ನನ್ನ ಬೆರಳಿಟ್ಟು ತೋರಿಸಿದರು. ಇಲ್ಲಿ ಶ್ವಾಸನಾಳ, ಪಕ್ಕದಲ್ಲಿ ಥೈರಾಯಿಡ್, ತಲೆಗೆ ಹೋಗೋ ಬರೋ ದೊಡ್ಡ ರಕ್ತನಾಳಗಳು. ದಪ್ಪ ತುಪ್ಪಳ ಇದೆ ಅಂತ ನಾವು ನಾಯಿಯ ಕತ್ತು ಗಟ್ಟಿ ಅಂದ್ಕೋತೀವಿ, ಒಳಗಿರೋದೆಲ್ಲ ನಮ್ಮ ಹಾಗೇ. 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕಾಲರ್ ಹಾಕಿದ ನಾಯಿ ಎಳೆದಾಗ ಕಣ್ಣಿನೊಳಗಿನ ಒತ್ತಡ ಏರಿದ್ದು ಕಂಡುಬಂದಿದೆ, ಹಾರ್ನೆಸ್ ಹಾಕಿದಾಗ ಏರಿಲ್ಲ. ಕೆಂಪಾದ ಕಣ್ಣು ನೆನಪಾಯಿತು. 2020ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಸಂಶೋಧಕರು ಒಂದು ಕೃತಕ ಕತ್ತು ಮಾಡಿ ಅದಕ್ಕೆ ಬೇರೆ ಬೇರೆ ಕಾಲರ್ ಹಾಕಿ ಎಳೆದು ನೋಡಿದರು. ಮೆತ್ತೆ ಇದ್ದದ್ದು, ಅಗಲ ಇದ್ದದ್ದು ಎಲ್ಲ ಸೇರಿ, ಜೋರಾಗಿ ಎಳೆಯುವ ನಾಯಿಗೆ ಪೂರ್ತಿ ಸುರಕ್ಷಿತ ಅನ್ನಬಹುದಾದ ಕಾಲರ್ ಒಂದೂ ಸಿಗಲಿಲ್ಲ. ಅಲ್ಲಿಗೆ ನನ್ನ ಶೀಟಿನ ಹದಿನಾಲ್ಕು ಸಾಲಿನಲ್ಲಿ ಹನ್ನೊಂದು ಅಳಿಸಿಹೋದವು. ಪ್ರಶ್ನೆಯೇ ತಪ್ಪಿತ್ತು, ಯಾವ ಕಾಲರ್ ಅಂತ ಕೇಳುತ್ತಿದ್ದೆ.

ಹಾರ್ನೆಸ್ ಅಂದ್ರೆ ಕತ್ತಿನ ಬದಲು ಎದೆ, ಬೆನ್ನಿಗೆ ಹಾಕುವ ಪಟ್ಟಿ. ತಂದೆ. ಚೆನ್ನಾಗಿ ಮೆತ್ತೆ ಇತ್ತು, ಹಗ್ಗ ಸಿಕ್ಕಿಸುವ ಬಳೆ ಬೆನ್ನ ಮೇಲೆ. ಹಾಕಿಕೊಂಡು ಗೇಟು ದಾಟಿದ ಗುಂಡ ನನ್ನನ್ನು ಮೂರನೇ ಕ್ರಾಸಿನವರೆಗೆ ಓಡಿಸಿದ. ಮೊದಲಾದರೂ ಕತ್ತು ನೋಯುತ್ತೆ ಅಂತ ಎಲ್ಲೋ ಒಂದು ಕಡೆ ನಿಲ್ಲುತ್ತಿದ್ದ, ಈಗ ಇಡೀ ಎದೆ ಕೊಟ್ಟು ಎಳೆದ. ಕಾಂಪೌಂಡಿನಲ್ಲಿ ಪ್ಲಾಸ್ಟರ್ ಕೈ ಹಿಡಿದು ನಿಂತಿದ್ದ ಅಮ್ಮ ನೋಡಿ ನಕ್ಕಳು. ಆರು ವಾರದಲ್ಲಿ ಅವಳು ನಕ್ಕಿದ್ದು ಅದೇ ಮೊದಲು ಇರಬೇಕು.

‘ಎತ್ತಿಗೆ ನೊಗ ಯಾಕೆ ಹೆಗಲ ಮೇಲೆ ಇಡ್ತಾರೆ ಹೇಳು? ಚೆನ್ನಾಗಿ ಎಳೀಲಿ ಅಂತ. ನೀನು ಅವನಿಗೆ ನೊಗ ಹೂಡಿ ಎಳೀಬೇಡ ಅಂದ್ರೆ ಹೆಂಗೆ?’

ಅಮ್ಮನ ತವರು ತಿಪಟೂರಿನ ಕಡೆ. ತಾತ ಹಳ್ಳಿಕಾರ್ ಎತ್ತು ಕಟ್ಟಿದ್ದವರು. ನಾನು ಎರಡು ವಾರ ಓದಿ ತಿಳಿದುಕೊಳ್ಳದ ಮೆಕಾನಿಕ್ಸನ್ನು ಅವಳು ಒಂದು ಮಾತಿನಲ್ಲಿ ಹೇಳಿದಳು. ಅಲಾಸ್ಕಾದ ಹಿಮದಲ್ಲಿ ಗಾಡಿ ಎಳೆಯುವ ನಾಯಿಗಳಿಗೆ ಹಾಕೋದೂ ಹಾರ್ನೆಸ್ಸೇ, ಹಗ್ಗ ಹಿಂದಿನಿಂದಲೇ. ಎಳೆಯುವ ಪ್ರಾಣಿಯ ಹಿಂದೆ, ಅದರ ಶಕ್ತಿಯ ನೇರ ಗೆರೆಯಲ್ಲಿ ನೀವು ನಿಂತರೆ ನೀವು ಗಾಡಿ.

ಹಾಗಾದ್ರೆ ಗೆರೆ ಬದಲಿಸಬೇಕು. ಬಳೆ ಎದೆಯ ಮುಂಭಾಗದಲ್ಲಿರುವ ಹಾರ್ನೆಸ್ ಬರುತ್ತೆ, ಫ್ರಂಟ್ ಕ್ಲಿಪ್ ಅಂತಾರೆ. ನಾಯಿ ಮುಂದಕ್ಕೆ ನುಗ್ಗಿದರೆ ಹಗ್ಗ ಎದೆಯನ್ನು ಪಕ್ಕಕ್ಕೆ ತಿರುಗಿಸುತ್ತೆ, ನಾಯಿ ಅರ್ಧ ನಮ್ಮ ಕಡೆ ತಿರುಗಿ ನಿಲ್ಲುತ್ತೆ. ನೋವಿಲ್ಲ, ಆದರೆ ಎಳೆದು ಲಾಭವೂ ಇಲ್ಲ. 36 ಕೆಜಿಯನ್ನು ಎದುರು ನಿಂತು ತಡೆಯೋದಕ್ಕೂ ಅದರ ದಿಕ್ಕು ತಪ್ಪಿಸೋದಕ್ಕೂ ಬೇಕಾಗುವ ಶಕ್ತಿಯಲ್ಲಿ ಬಹಳ ವ್ಯತ್ಯಾಸ ಇದೆ. ತೂಕ ಕಡಿಮೆ ಇರುವವರಿಗೆ, ವಯಸ್ಸಾದವರಿಗೆ ಇದು ಸರಿ. ಬೆನ್ನ ಮೇಲೂ ಎದೆಯಲ್ಲೂ ಎರಡು ಕಡೆ ಬಳೆ ಇರುವುದನ್ನೇ ತಗೊಳ್ಳಿ, ಮುಂದೆ ಅವನು ಕಲಿತಮೇಲೆ ಹಿಂದಿನದಕ್ಕೆ ಬದಲಾಯಿಸಬಹುದು.

ಅಳತೆಯ ವಿಷಯದಲ್ಲಿ ಮಾತ್ರ ದಯವಿಟ್ಟು ‘ಲ್ಯಾಬ್ ಅಂದ್ರೆ ಲಾರ್ಜ್’ ಅಂತ ತರಿಸಬೇಡಿ. ನಾನು ತರಿಸಿದ ಮೊದಲನೆಯದು ವಾಪಸ್ ಹೋಯಿತು. ಟೈಲರ್ ಟೇಪ್ ತಗೊಂಡು ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ನೋಡಿ, ಕತ್ತಿನ ಬುಡದ ಅಳತೆಯನ್ನೂ ನೋಡಿ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ಸಡಿಲ ಇದ್ದರೆ ನಾಯಿ ಹಿಂದಕ್ಕೆ ಹೆಜ್ಜೆ ಹಾಕಿ ಅಂಗಿ ಬಿಚ್ಚಿದ ಹಾಗೆ ಬಿಚ್ಚಿಕೊಂಡು ಹೋಗುತ್ತೆ. ಎದುರಿನಿಂದ ನೋಡಿದಾಗ ಪಟ್ಟಿಗಳು ‘ವೈ’ ಆಕಾರದಲ್ಲಿ ಎದೆಮೂಳೆಯ ಮೇಲೆ ಕೂಡಿದ್ದರೆ ಒಳ್ಳೆಯದು. ಅಡ್ಡಡ್ಡಲಾಗಿ ಎರಡೂ ಹೆಗಲ ಮೇಲೆ ಹೋಗುವಂಥದ್ದು ಮುಂಗಾಲು ಚಾಚೋಕೆ ಅಡ್ಡ ಬರುತ್ತೆ. ಮುಂಗಾಲಿನ ಸಂದಿಯಲ್ಲಿ ಪಟ್ಟಿ ಉಜ್ಜುತ್ತಾ ಅಂತ ಮೊದಲ ವಾರ ದಿನಾ ತುಪ್ಪಳ ಸರಿಸಿ ನೋಡಿ. ಗುಂಡನಿಗೆ ಎಡಗಡೆ ಕೆಂಪಾಗಿತ್ತು, ಒಂದು ಬೆರಳು ಹಿಂದಕ್ಕೆ ಸರಿಸಿದ ಮೇಲೆ ಸರಿಹೋಯಿತು. ಮನೆಯೊಳಗೆ ಬಂದ ತಕ್ಷಣ ಬಿಚ್ಚಿಬಿಡಿ. ನಮ್ಮ ಸೆಖೆಗೆ ಇಡೀ ದಿನ ಹಾಕೋ ವಸ್ತು ಅಲ್ಲ ಅದು.

ಹಳೇ ಬೆಲ್ಟನ್ನೂ ಬಿಸಾಕಬೇಡಿ. ಗುಂಡನ ಕತ್ತಿನಲ್ಲಿ ಈಗಲೂ ಒಂದು ಸಾದಾ ಅಗಲದ ಬೆಲ್ಟ್ ಇದೆ, ಅದರಲ್ಲಿ ನಮ್ಮ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ. ಹಗ್ಗ ಮಾತ್ರ ಅದಕ್ಕೆ ಹಾಕಲ್ಲ. ದೀಪಾವಳಿಯಲ್ಲಿ ಪಟಾಕಿ ಸದ್ದಿಗೆ ಓಡಿಹೋಗುವ ನಾಯಿಗಳನ್ನು ನೀವೂ ನೋಡಿರ್ತೀರಿ.

ಇನ್ನೊಂದು ಸಾಧನ ಇದೆ, ಹೆಡ್ ಹಾಲ್ಟರ್. ಮೂತಿಯ ಮೇಲೊಂದು, ಕಿವಿಯ ಹಿಂದೊಂದು ಪಟ್ಟಿ, ಹಗ್ಗ ಗಲ್ಲದ ಕೆಳಗೆ. ಅಮ್ಮ ನೋಡಿದವಳೇ ‘ಓ, ಮೂಗುದಾರ’ ಅಂದಳು. ಮೂಗು ಚುಚ್ಚೋದಿಲ್ಲ ಅನ್ನೋದು ಬಿಟ್ಟರೆ ಲೆಕ್ಕ ಅದೇ: ತಲೆ ಎತ್ತ ತಿರುಗಿದರೆ ಮೈ ಅತ್ತ. ಬಹಳ ದೊಡ್ಡ ನಾಯಿ, ಹಿಡಿಯುವವರು ತೀರಾ ಹಗುರ ಅಂದರೆ ಇದಕ್ಕಿಂತ ಪರಿಣಾಮಕಾರಿ ಇನ್ನೊಂದಿಲ್ಲ. ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿ ಗ್ರೇಟ್ ಡೇನ್ ಹಿಡಿದು ಇದರಲ್ಲೇ ಓಡಾಡ್ತಾರೆ. ಆದರೆ ಜಗ್ಗುವ ಹಾಗಿಲ್ಲ. ತಲೆ ತಟ್ಟನೆ ತಿರುಗಿದರೆ ಕತ್ತಿಗೆ ಪೆಟ್ಟು. ನಾಯಿ ಒಮ್ಮೆಲೇ ಓಡಿದರೆ ಏನಾಗುತ್ತೆ ಅಂತ ಯೋಚಿಸಿ, ಹಾಗಾಗಿ ಉದ್ದ ಹಗ್ಗ ಬೇಡವೇ ಬೇಡ. ಮತ್ತೆ ನಾಯಿಗೆ ಅಭ್ಯಾಸ ಆಗೋಕೆ ವಾರಗಳೇ ಬೇಕು, ಮೊದಲು ತಿಂಡಿ ತೋರಿಸಿ ಅದರೊಳಗೆ ಮೂತಿ ತೂರಿಸೋದನ್ನು ಕಲಿಸಿ, ಆಮೇಲೆ ಕಟ್ಟೋದು. ಮೂತಿಯೇ ಇಲ್ಲದ ಪಗ್‌ನಂಥ ನಾಯಿಗಳಿಗೆ ಕೂರೋದೇ ಇಲ್ಲ. ನಮ್ಮವನು ಮೂರು ವಾರ ಆದರೂ ಮೂಗನ್ನು ನೆಲಕ್ಕೆ ಉಜ್ಜೋದು ನಿಲ್ಲಿಸಲಿಲ್ಲ, ಮೂಗಿನ ಮೇಲೆ ಕೂದಲು ಹೋಯಿತು. ದಾರಿಯಲ್ಲಿ ಸಿಕ್ಕವರೆಲ್ಲ ಮಕ್ಕಳನ್ನು ಎಳೆದುಕೊಂಡು ‘ಕಚ್ಚುತ್ತಾ?’ ಅಂತ ಬೇರೆ. ತೆಗೆದಿಟ್ಟೆ.

ಮುಧೋಳ ನಾಯಿ ಇರುವವರು ಬೇರೆಯದೇ ಯೋಚನೆ ಮಾಡಬೇಕು. ನನ್ನ ಸಹೋದ್ಯೋಗಿಯೊಬ್ಬ ಬಾಗಲಕೋಟೆಯವನು, ಅವನ ಮನೆಯಲ್ಲಿದೆ. ಮುಧೋಳದ ತಲೆ ಕತ್ತಿಗಿಂತ ಸಣ್ಣ, ಸಾದಾ ಬೆಲ್ಟ್ ಎಷ್ಟು ಬಿಗಿದರೂ ಒಂದು ಸಲ ಹಿಂದಕ್ಕೆ ಎಳೆದುಕೊಂಡರೆ ಕಳಚಿ ಬಿದ್ದು, ಆಮೇಲೆ ಅದನ್ನು ಹಿಡಿಯೋಕೆ ನಿಮಗೆ ಬೈಕ್ ಬೇಕು. ಅಂಥವಕ್ಕೆ ಮಾರ್ಟಿಂಗೇಲ್ ಅಂತ ಬರುತ್ತೆ. ಅಗಲ ಪಟ್ಟಿ, ತುದಿಯಲ್ಲೊಂದು ಸಣ್ಣ ಕುಣಿಕೆ. ಎಳೆದರೆ ತಲೆ ಜಾರದಷ್ಟು ಮಾತ್ರ ಬಿಗಿಯುತ್ತೆ, ಅದರಾಚೆಗೆ ಬಿಗಿಯಲ್ಲ. ಅದು ತಪ್ಪಿಸಿಕೊಳ್ಳದಿರೋಕೆ ಇರೋದು, ಎಳೆಯೋದು ನಿಲ್ಲಿಸೋಕಲ್ಲ. ಅಂಗಡಿಗಳಲ್ಲಿ ಎರಡಕ್ಕೂ ಒಂದೇ ಅಂತ ಮಾರ್ತಾರೆ.

ಹಗ್ಗಕ್ಕೆ ಬರ್ತೀನಿ, ಯಾಕಂದ್ರೆ ಅಮ್ಮನ ಮೂಳೆ ಮುರಿದಿದ್ದು ಬೆಲ್ಟಿನಿಂದಲ್ಲ, ಹಗ್ಗ ಹಿಡಿದ ರೀತಿಯಿಂದ. ಬಟನ್ ಒತ್ತಿದರೆ ಉದ್ದ ಆಗುವ, ಡಬ್ಬಿಯೊಳಗೆ ಸುತ್ತಿಕೊಳ್ಳುವ ಹಗ್ಗವನ್ನು ದೊಡ್ಡ ನಾಯಿಗೆ ಬಳಸಲೇಬೇಡಿ. ಅದು ಯಾವಾಗಲೂ ಸ್ವಲ್ಪ ಬಿಗಿಯಾಗೇ ಇರುತ್ತೆ, ಅಂದರೆ ಎಳೆದರೆ ಜಾಗ ಸಿಗುತ್ತೆ ಅಂತ ದಿನಾ ಕಲಿಸುತ್ತೆ. ಜೊತೆಗೆ ಹತ್ತು ಅಡಿ ಓಡಿ ವೇಗ ಪಡೆದ 36 ಕೆಜಿ ತಟ್ಟನೆ ನಿಂತಾಗ ಬೀಳುವ ಜಗ್ಗು, ಪಕ್ಕದಲ್ಲೇ ಇದ್ದ ನಾಯಿ ಎಳೆದಾಗಿನ ಹಾಗಲ್ಲ. ಐದಾರು ಅಡಿಯ, ಕೈಗೆ ಮೆತ್ತಗಿರುವ ಬಟ್ಟೆಯ ಹಗ್ಗ ಸಾಕು. ಕೈಗೆ ಸುತ್ತಿಕೊಳ್ಳಬೇಡಿ, ಮಣಿಕಟ್ಟಿಗೆ ಬಳೆಯ ಹಾಗೆ ತೂರಿಸಿಕೊಳ್ಳಬೇಡಿ, ಸೊಂಟಕ್ಕಂತೂ ಕಟ್ಟಿಕೊಳ್ಳಬೇಡಿ. ಹಿಡಿಕೆ ಒಂದು ಮುಷ್ಟಿಯಲ್ಲಿ, ಇನ್ನೊಂದು ಕೈ ಮಧ್ಯದಲ್ಲಿ, ಎರಡೂ ಹೊಟ್ಟೆಯ ಹತ್ತಿರ. ತೀರಾ ಕೈಮೀರಿದರೆ ಬಿಟ್ಟುಬಿಡಿ. ಟ್ರಾಫಿಕ್ ಇರುವ ರಸ್ತೆಯಲ್ಲಿ ಬಿಡೋದು ಹೇಗೆ ಅಂತ ಕೇಳ್ತೀರಿ. ಅಂಥ ರಸ್ತೆಗೆ, ನಾಯಿ ಕಲಿಯುವ ತನಕ, ಹೋಗಬೇಡಿ ಅನ್ನೋದೇ ನನ್ನ ಉತ್ತರ.

ಇಷ್ಟೆಲ್ಲ ಆದಮೇಲೂ ಹಾರ್ನೆಸ್ ಒಂದೇ ಗುಂಡನಿಗೆ ಏನನ್ನೂ ಕಲಿಸಲಿಲ್ಲ. ಅದು ಕೊಟ್ಟಿದ್ದು ಕಲಿಸೋಕೆ ಬೇಕಾದ ಸಮಯ. ಕಲಿಸಿದ ವಿಧಾನ ಬಹಳ ಸಾದಾ: ಹಗ್ಗ ಬಿಗಿಯಾದರೆ ನಾನು ನಿಂತುಬಿಡೋದು. ಬೈಯಲ್ಲ, ಜಗ್ಗಲ್ಲ, ವಿದ್ಯುತ್ ಕಂಬದ ಹಾಗೆ ನಿಲ್ಲೋದು. ಅವನು ತಿರುಗಿ ನೋಡಿ ಹಗ್ಗ ಸಡಿಲ ಆದ ಕ್ಷಣ ‘ಶಾಬಾಶ್’ ಅಂದು ಮತ್ತೆ ನಡೆಯೋದು. ಪಕ್ಕದಲ್ಲಿ ನಡೆದರೆ ತೊಡೆಯ ಹತ್ತಿರ ಕೈ ಇಳಿಸಿ ಪನೀರಿನ ಒಂದು ಚೂರು. ನಮ್ಮದು ಸಸ್ಯಾಹಾರಿ ಮನೆ, ಅದಕ್ಕೇ ಪನೀರು. ಬೇಯಿಸಿದ ಮೊಟ್ಟೆ, ಚಿಕನ್ ಚೂರೂ ಆಗುತ್ತೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಇರೋದು ಬೇಡ, ನಾಯಿಗೆ ವಿಷ.

ಮೊದಲ ದಿನ ನಮ್ಮ ಗೇಟಿನಿಂದ ಮೂರನೇ ಕ್ರಾಸಿಗೆ ನಲವತ್ತು ನಿಮಿಷ. ಮಾಮೂಲಾಗಿ ಐದು ನಿಮಿಷದ ದಾರಿ. ಪೇಪರ್ ಹಾಕೋ ಹುಡುಗ ಎರಡು ಸಲ ದಾಟಿಹೋದ, ಎರಡನೇ ಸಲ ‘ಅಕ್ಕಾ, ಏನಾದ್ರೂ ಕಳ್ದೋಯ್ತಾ?’ ಅಂದ. ಮೂರನೇ ದಿನ ಆಫೀಸ್ ಟೆನ್ಷನ್ನಿನಲ್ಲಿ ಬೇಗ ಮುಗಿಸೋಣ ಅಂತ ಅವನು ಎಳೆದ ಕಡೆಗೆಲ್ಲ ಹೋದೆ, ನಾಲ್ಕನೇ ದಿನ ಮೊದಲಿನಿಂದ ಶುರು. ಒಂದು ದಿನ ಬಿಟ್ಟರೂ ‘ಕೆಲವೊಮ್ಮೆ ಎಳೆದರೆ ನಡೆಯುತ್ತೆ’ ಅಂತ ಅವನು ಬರೆದಿಟ್ಟುಕೊಳ್ಳುತ್ತಾನೆ. ವಾಸನೆ ನೋಡೋಕೆ ಸಮಯ ಕೊಡಬೇಕು ಅನ್ನೋದು ತಡವಾಗಿ ತಿಳಿಯಿತು. ನಮಗೆ ವಾಕಿಂಗ್ ಅಂದ್ರೆ ಹೆಜ್ಜೆ ಲೆಕ್ಕ, ಅವನಿಗೆ ಅದು ಬೆಳಗಿನ ಪೇಪರ್. ಹತ್ತು ನಿಮಿಷ ಖಾಲಿ ಸೈಟಿನಲ್ಲಿ ಬೇಕಾದ ಹಾಗೆ ಮೂಸೋಕೆ ಬಿಟ್ಟು ಆಮೇಲೆ ರಸ್ತೆಗೆ ಬಂದರೆ ಅರ್ಧ ಎಳೆತ ತಾನೇ ಇಳಿಯಿತು. ಬೀದಿನಾಯಿಗಳನ್ನು ಕಂಡು ಗುರ್ ಅನ್ನೋದು ಹೋಗೋಕೆ ಮಾತ್ರ ನಾಲ್ಕು ತಿಂಗಳು ಹಿಡಿಯಿತು. ಎರಡು ವಾರದಲ್ಲಿ ನಾನು ಮಾಡಿದ ಕೆಲಸ ಅದು.

ಪ್ಲಾಸ್ಟರ್ ಬಿಚ್ಚಿದ ದಿನ ಅಪ್ಪ ತೋಟದ ಮಾತು ತೆಗೆಯಲಿಲ್ಲ. ನಾನೂ ಕೇಳಲಿಲ್ಲ. ಅಮ್ಮನ ಕೈಗೆ ಇನ್ನೂ ಒಂದೂವರೆ ತಿಂಗಳು ವ್ಯಾಯಾಮ ಇತ್ತು, ಸ್ಪಂಜಿನ ಚೆಂಡು ಅದುಮೋದು. ಆ ಚೆಂಡನ್ನು ಗುಂಡ ಮೂರು ಸಲ ಕದ್ದ. ಆಮೇಲೆ ಒಂದು ದಿನ ಅಮ್ಮನೇ ‘ನಾನೂ ಬರ್ತೀನಿ’ ಅಂತ ಚಪ್ಪಲಿ ಮೆಟ್ಟಿದಳು. ಮೊದಲ ವಾರ ಹಗ್ಗ ನನ್ನ ಕೈಯಲ್ಲಿ, ಅವಳು ಪಕ್ಕದಲ್ಲಿ. ಮೂಲೆಯಲ್ಲಿ ಆಟೋ ನಿಂತಿದ್ದರೆ ಅವಳ ಹೆಜ್ಜೆ ನಿಧಾನ ಆಗೋದು, ನಾನು ನೋಡದ ಹಾಗೆ ಇರುತ್ತಿದ್ದೆ. ಎರಡನೇ ವಾರ ಹಾರ್ನೆಸ್ಸಿಗೆ ಎರಡು ಹಗ್ಗ ಹಾಕಿ ಒಂದು ಅವಳಿಗೆ, ಒಂದು ನನಗೆ. ನನ್ನದು ಸುಮ್ಮನೆ ಜೋತಾಡುತ್ತಿತ್ತು, ಅವಳಿಗದು ಗೊತ್ತಿತ್ತು. ‘ಯಾರೂ ಇಲ್ಲದೆ ಹೋಗಬೇಡ’ ಅಂತ ಅಪ್ಪ ದಿನಾ ಹೇಳೋರು. ಒಂದು ದಿನ ಗೇಟಿನ ಹತ್ತಿರ ನಿಂತು, ‘ಅವನಿಗೆ ನೀರು ಕುಡಿಸಿದ್ರಾ?’ ಅಂತ ಕೇಳಿದರು. ನಾನು ಅಮ್ಮನ ಮುಖ ನೋಡಿದೆ. ಅವಳು ಗುಂಡನ ಪಟ್ಟಿ ಬಿಗಿಯುತ್ತಿದ್ದಳು, ಎರಡು ಬೆರಳು ತೂರಿಸಿ ನೋಡುತ್ತಾ.

ಹೋದ ಭಾನುವಾರ ನಾನು ಏಳೋ ಹೊತ್ತಿಗೆ ಮನೆಯಲ್ಲಿ ಇಬ್ಬರೂ ಇರಲಿಲ್ಲ. ಮೊಳೆಯ ಮೇಲೆ ಹಾರ್ನೆಸ್ಸೂ ಇಲ್ಲ. ಫೋನ್ ಮಾಡೋಣ ಅಂದರೆ ಅವಳ ಫೋನ್ ಅಡುಗೆಮನೆಯಲ್ಲೇ ಇತ್ತು. ಗೇಟಿಗೂ ಬಾಗಿಲಿಗೂ ನಾಲ್ಕು ಸಲ ಓಡಾಡಿದೆ. ಏಳೂಕಾಲಿಗೆ ಬಂದಳು, ಒಂದು ಕೈಯಲ್ಲಿ ಗುಂಡ, ಇನ್ನೊಂದರಲ್ಲಿ ಕೊತ್ತಂಬರಿ ಕಟ್ಟು. ಎರಡು ಕೈಯಲ್ಲಿ ಹಗ್ಗ ಹಿಡೀಬೇಕು ಅಂತ ನಾನು ಬಾಯಿ ತೆಗೆಯೋದರೊಳಗೆ ಅವಳೇ ಶುರು ಮಾಡಿದಳು.

‘ಆ ಆಟೋ ಕೆಳಗಿನ ಬೆಕ್ಕು ಇವತ್ತೂ ಇತ್ತು ಕಣೆ.’

‘ಇವನೇನು ಮಾಡಿದ?’

‘ನೋಡಿದ. ಒಂದು ಸಲ ಎಳೆದ. ನಾನು ನಿಂತೆ. ಆಮೇಲೆ ನನ್ನ ಮುಖ ನೋಡಿದ.’ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾ ಹೇಳಿದಳು, ‘ಪನೀರ್ ಪೂರ್ತಿ ಖಾಲಿ. ಮಧ್ಯಾಹ್ನ ಹೋಗಿ ತಗೊಂಡು ಬಾ.’